ಪಹಣಿಯೊಳಗಿನವರು, ಪಹಣಿಯ ಹೊರಗಿನವರು

ಕರ್ನಾಟಕದ ಗ್ರಾಮೀಣ ಆರ್ಥಿಕತೆಯನ್ನು ಆಳವಾಗಿ ಮುಟ್ಟಿದ ಡಿಜಿಟಲ್ ಮೂಲಸೌಕರ್ಯಗಳಲ್ಲಿ ಮೊದಲು ನಿಲ್ಲುವುದು ‘ಭೂಮಿ’ ಯೋಜನೆ. ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು 2000ದ ಆಸುಪಾಸಿನಲ್ಲಿ ಗಣಕೀಕರಿಸಿ, ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಒದಗಿಸಿದ ಈ ವ್ಯವಸ್ಥೆ, ಒಂದು ಜಮೀನಿನ ವಿಸ್ತೀರ್ಣ, ಒಡೆತನ, ಸಾಲ, ಬೆಳೆ ಎಲ್ಲವನ್ನೂ ಹೇಳುವ ಆ ಒಂದು ಹಾಳೆಗಾಗಿ ರೈತ ಗ್ರಾಮಲೆಕ್ಕಿಗರ ಹಿಂದೆ ಅಲೆಯುವುದನ್ನು ತಪ್ಪಿಸಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವಂತೆ ತಂತ್ರಾಂಶವೇ ಅಧಿಕಾರಿಯನ್ನು ಕಟ್ಟಿಹಾಕಿದ್ದು ಇದರ ದೊಡ್ಡ ಸಾಧನೆಯಾಗಿದ್ದು, ಅದನ್ನು ಕಡೆಗಣಿಸುವ ಯಾವ ವಿಮರ್ಶೆಯೂ ನ್ಯಾಯವಾದುದಲ್ಲ.

ಆದರೆ ಗಣಕಯಂತ್ರಕ್ಕೆ ಏರಿದ್ದು ಹಳೆಯ ದಾಖಲೆಯೇ ಆದ್ದರಿಂದ, ಅದರಲ್ಲಿ ಯಾರ ಹೆಸರು ಇರಲಿಲ್ಲವೋ ಅವರು ಹೊಸ ವ್ಯವಸ್ಥೆಯಲ್ಲೂ ಹೊರಗೇ ಉಳಿದರು. ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಜಾರಿಗೆ ಬಂದ ತಿದ್ದುಪಡಿ, ಸೈನಿಕರು ಮತ್ತು ನಾವಿಕರ ಜಮೀನನ್ನು ಬಿಟ್ಟರೆ ಗೇಣಿಯನ್ನು ನಿಷೇಧಿಸಿತು. ಉಳುವವನನ್ನೇ ಒಡೆಯನನ್ನಾಗಿಸಲು ಬಂದ ಕಾನೂನು ಅದು. ಬಾಯಿಮಾತಿನ ಗುತ್ತಿಗೆಯಾಗಲಿ, ಪಾಲಿಗೆ ಮಾಡುವ ಸಾಗುವಳಿಯಾಗಲಿ ಇದರಿಂದ ನಿಲ್ಲಲಿಲ್ಲ, ಕಾಗದದಿಂದ ಮಾತ್ರ ಮರೆಯಾದವು. ಪಹಣಿಯ 12ನೇ ಕಾಲಂ ಸಾಗುವಳಿದಾರನಿಗೆಂದೇ ಮೀಸಲಾಗಿದ್ದರೂ, ಗುತ್ತಿಗೆ ರೈತನ ಹೆಸರನ್ನು ಅಲ್ಲಿ ಬರೆಸಲು ಯಾವ ಜಮೀನುದಾರನೂ ಮುಂದಾಗುವುದಿಲ್ಲ. ಬರ ಪರಿಹಾರ, ಬೆಳೆಸಾಲ, ಸಬ್ಸಿಡಿಗಳೆಲ್ಲ ಪಹಣಿಯ ಬೆನ್ನಿಗೆ ಅಂಟಿಕೊಂಡೇ ಬರುವುದರಿಂದ, ಬೆಳೆ ಒಣಗಿದಾಗ ನಷ್ಟ ಒಬ್ಬನದಾಗಿ ಪರಿಹಾರ ಇನ್ನೊಬ್ಬನ ಖಾತೆಗೆ ಜಮೆಯಾಗುವುದುಂಟು, ಮತ್ತು ಹಣ ಸಂದಾಯ ಎಷ್ಟು ಶೀಘ್ರವಾದರೂ ಈ ಅನ್ಯಾಯ ಕಡಿಮೆಯಾಗುವುದಿಲ್ಲ.

ಹಸಿರು ಬೆಳವಣಿಗೆ, ಅಂದರೆ ಪರಿಸರವನ್ನು ಸವೆಸದೆ ಸಾಧಿಸುವ ಆರ್ಥಿಕ ಏಳಿಗೆ, ಈ ದಾಖಲೆಯ ಮೇಲೆಯೇ ನಿಂತಾಗ ಏನಾಗುತ್ತದೆ ಎಂಬುದಕ್ಕೆ ತುಮಕೂರು ಜಿಲ್ಲೆಯ ಪಾವಗಡ ಸ್ಪಷ್ಟ ನಿದರ್ಶನ. ತಿರುಮಣಿ, ವಳ್ಳೂರು ಸೇರಿದಂತೆ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನಕ್ಕಾಗಿ ಜಮೀನನ್ನು ವಶಪಡಿಸಿಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾಗಿ ಕಾಲಕಾಲಕ್ಕೆ ಏರುವ ಬಾಡಿಗೆಗೆ 28 ವರ್ಷಗಳ ಗುತ್ತಿಗೆ ಪಡೆಯಲಾಯಿತು. ಒಡೆತನ ರೈತನಲ್ಲೇ ಉಳಿಯಿತು, ಮಳೆ ಕೈಕೊಟ್ಟರೂ ಆದಾಯ ತಪ್ಪದಾಯಿತು. ಕಲ್ಲಿದ್ದಲು ಸುಡದೆ ವಿದ್ಯುತ್ತೂ ದೊರೆಯಿತು. ದೇಶದ ಬೇರೆಡೆಯ ಭೂಸ್ವಾಧೀನಗಳ ಕಹಿ ಚರಿತ್ರೆಯ ಪಕ್ಕದಲ್ಲಿಟ್ಟು ನೋಡಿದರೆ ಇದು ಬಹಳ ಮಾನವೀಯವಾದ ಮಾರ್ಗ. ಆದರೂ ಬಾಡಿಗೆ ಸಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಕಡಲೆಕಾಯಿ ಕಳೆ ತೆಗೆದು, ಕಿತ್ತು, ಬಿಡಿಸಿ ಕೂಲಿ ಪಡೆಯುತ್ತಿದ್ದ ಭೂಹೀನರಿಗೆ, ಅವರಲ್ಲೂ ಹೆಂಗಸರಿಗೆ, ಕೆಲಸ ಹೋಯಿತು. ಬೆಳೆ ಕೊಯ್ದ ಹೊಲದಲ್ಲಿ ಕುರಿ ಮೇಯಿಸುವುದು ರೂಢಿಯ ಹಕ್ಕು, ಅದಕ್ಕೆ ಯಾವ ಕಾಲಮೂ ಇಲ್ಲದ ಕಾರಣ ಬೇಲಿ ಬಿದ್ದಾಗ ಕುರಿಗಾಹಿಯ ನಷ್ಟಕ್ಕೆ ಲೆಕ್ಕವೇ ಇರಲಿಲ್ಲ.

ದಾಖಲೆಯನ್ನು ತಿದ್ದಲು ಸಾಧನಗಳ ಕೊರತೆಯೇನೂ ಇಲ್ಲ. 2017ರಿಂದ ರಾಜ್ಯದಲ್ಲಿ ನಡೆಯುತ್ತಿರುವ ಬೆಳೆ ಸಮೀಕ್ಷೆಯು ಮೊಬೈಲ್ ಆ್ಯಪ್ ಮೂಲಕ ಜಮೀನಿನಲ್ಲೇ ನಿಂತು ಬೆಳೆಯ ಚಿತ್ರ ತೆಗೆಯುವ ಪದ್ಧತಿಯಾಗಿದ್ದು, ಅಲ್ಲಿ ದುಡಿಯುತ್ತಿರುವವರು ಯಾರು ಎಂಬುದನ್ನೂ ದಾಖಲಿಸಲು ತಾಂತ್ರಿಕವಾಗಿ ಕಷ್ಟವೇನಿಲ್ಲ. ಅಡ್ಡಿ ಇರುವುದು ಗೇಣಿಯನ್ನು ಕಾಣಲೊಲ್ಲದ ಕಾನೂನಿನಲ್ಲಿ. ಪಾವಗಡದ ಗಡಿಯಾಚೆ ಆಂಧ್ರಪ್ರದೇಶವು 2011ರಲ್ಲಿ, ಮತ್ತೆ 2019ರಲ್ಲಿ, ಒಡೆತನಕ್ಕೆ ಧಕ್ಕೆ ತರದೆ ಗೇಣಿದಾರನಿಗೆ ಗುರುತಿನ ಪತ್ರ ಕೊಡುವ ಕಾಯ್ದೆಗಳನ್ನು ಮಾಡಿತು. 2019ರ ಕಾಯ್ದೆಯ ಪತ್ರ ಹನ್ನೊಂದು ತಿಂಗಳ ಮಟ್ಟಿಗೆ ಸಿಗುವಂಥದು, ಅದಕ್ಕೆ ಜಮೀನುದಾರನ ಒಪ್ಪಿಗೆಯೂ ಬೇಕು. ಕರ್ನಾಟಕ ಅಂಥದೊಂದು ಕಾನೂನನ್ನು ರೂಪಿಸುವುದಾದರೆ ಬಿಡಬೇಕಾದದ್ದು ಈ ಒಪ್ಪಿಗೆಯ ಷರತ್ತನ್ನೇ. ಏಕೆಂದರೆ ಸಹಿ ಹಾಕಲು ಹಿಂಜರಿಯುವ ಒಡೆಯನ ಕೈಯಲ್ಲೇ ಸಾಗುವಳಿದಾರನ ಗುರುತನ್ನು ಒತ್ತೆಯಿಟ್ಟರೆ 12ನೇ ಕಾಲಂ ಈಗಿರುವಂತೆಯೇ ಉಳಿಯುತ್ತದೆ.