ಬೆರಳು ಅಲ್ಲೇ ಇರಲಿ

ಮೂರು ಕಾರ್ಡ್‌ಗಳ ಹಾಡು ಸಾಕಾಗಿದೆ, ಮುಂದೇನು ಕಲಿಯಲಿ ಎಂದು ಕೇಳುವ ಗಿಟಾರ್ ಗೆಳೆಯರಿಗೆ ನಾನು ಹೇಳುವುದು ‘ಗರೋಟಾ ದಿ ಇಪನೆಮಾ’. ಬ್ರೆಜಿಲ್‌ನ ಆಂಟೋನಿಯೊ ಕಾರ್ಲೋಸ್ ಜೋಬಿಂ 1962ರಲ್ಲಿ ಮಟ್ಟು ಹಾಕಿದ, ಕವಿ ವಿನೀಸಿಯಸ್ ದಿ ಮೊರಾಯಿಸ್ ಸಾಹಿತ್ಯ ಬರೆದ ಬೊಸ್ಸಾ ನೋವಾ ಗೀತೆ. ಕಿವಿಗೆ ಬಲು ಹಗುರ. ಕಾರ್ಡ್‌ಗಳ ಪಟ್ಟಿ ನೋಡಿದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ.

ಆ ಹೆಸರುಗಳನ್ನು ಬಾಯಿಪಾಠ ಮಾಡಬೇಡಿ. ಪ್ರತಿ ತಂತಿಯೂ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವುದು ಕದಲದೆ ನಿಲ್ಲುತ್ತದೆ ಎಂದು ನೋಡಿ. ಎಫ್ ಶ್ರುತಿಯಲ್ಲಿ ಜಿ ಸೆವೆನ್ ಹಿಡಿಯಿರಿ: ಆರನೇ, ನಾಲ್ಕನೇ, ಎರಡನೇ ತಂತಿಗಳ 3ನೇ ಫ್ರೆಟ್, ಮೂರನೇ ತಂತಿಯ 4ನೇ ಫ್ರೆಟ್. ಉಳಿದೆರಡು ತಂತಿ ಬೇಡ. ಉಂಗುರದ ಬೆರಳನ್ನು ಮೂರು ತಂತಿಗಳ ಮೇಲೆ ಅಡ್ಡ ಮಲಗಿಸಿದ್ದರೆ, ಕಿರುಬೆರಳು ಎತ್ತಿದ್ದೇ ಜಿ ಮೈನರ್ ಸೆವೆನ್ ಸಿದ್ಧ. ಈಗ ಮೂರನೇ ತಂತಿಯ ಸ್ವರ ಇದ್ದಲ್ಲೇ ಇರಲಿ, ಮಿಕ್ಕ ಮೂರೂ ಒಂದೊಂದು ಫ್ರೆಟ್ ಹಿಂದೆ ಸರಿಯಲಿ: ಜಿ ಫ್ಲಾಟ್ ಸೆವೆನ್. ಮತ್ತೆ ನಾಲ್ಕನೇ ತಂತಿಯನ್ನು ಬಿಟ್ಟು ಉಳಿದವು ಒಂದು ಫ್ರೆಟ್ ಸರಿದರೆ ಎಫ್ ಮೇಜರ್ ಸೆವೆನ್, ಮನೆಗೆ ಬಂದಾಯಿತು. ಮೊದಲ ಎಂಟು ಬಾರ್‌ಗಳಲ್ಲಿರುವುದು ಈ ನಾಲ್ಕೇ ಕಾರ್ಡ್.

ಕೆಲವರು ಜಿ ಫ್ಲಾಟ್ ಸೆವೆನ್ ಬದಲು ಸಿ ಸೆವೆನ್ ನುಡಿಸುತ್ತಾರೆ. ತಪ್ಪೇನಲ್ಲ, ಇ ಮತ್ತು ಬಿ ಫ್ಲಾಟ್ ಎರಡರಲ್ಲೂ ಇವೆ. ಆದರೆ ಜಿ, ಜಿ ಫ್ಲಾಟ್, ಎಫ್ ಎಂದು ಮಂದ್ರ ಮೆಲ್ಲಗೆ ಜಾರುವ ಸುಖ ಹೋಗುತ್ತದೆ. ಆ ಜಾರು ಇಲ್ಲದ ಇಪನೆಮಾ ನನಗಂತೂ ಬೇಡ.

ನಿಜವಾದ ಪರೀಕ್ಷೆ ನಡುವಿನ ಹದಿನಾರು ಬಾರ್‌ಗಳಲ್ಲಿ. ಒಂದೇ ಸಾಲು ಮೂರು ಸಲ, ಒಂದಕ್ಕಿಂತ ಒಂದು ಮೇಲಿನ ಸ್ವರದಲ್ಲಿ ಬರುತ್ತದೆ. ಅಡಿಯ ಕಾರ್ಡ್‌ಗಳೂ ಬದಲಾಗುತ್ತವೆ. ತಂಬೂರಿಯ ಕದಲದ ಷಡ್ಜಕ್ಕೆ ಒಗ್ಗಿದ ನಮ್ಮ ಕಿವಿ ಇಲ್ಲಿ ದಾರಿ ತಪ್ಪುವುದು ಸಹಜ. ಹಾಗಾಗಿ ಪೂರ್ತಿ ಕಾರ್ಡ್ ಬಿಡಿ, ಮಂದ್ರದ ಒಂದು ಸ್ವರ ಮೀಟಿ, ಸಾಲಿನ ಮೊದಲ ದೀರ್ಘ ಸ್ವರವನ್ನಷ್ಟೇ ಹಾಡಿ. ಮೊದಲ ಸಾಲಿಗೆ ಮಂದ್ರ ಜಿ ಫ್ಲಾಟ್, ಎರಡನೆಯದಕ್ಕೆ ಎಫ್ ಶಾರ್ಪ್, ಫ್ರೆಟ್ ಒಂದೇ! ಅದೇ ಷಡ್ಜದ ಮೇಲೆ ಮೊದಲು ನಿಷಾದ ಹಿಡಿದವರು ಈಗ ರಿಷಭ ಹಿಡಿಯಬೇಕು. ಮೂರನೆಯದಕ್ಕೆ ಮಂದ್ರ ಜಿಗೆ ಏರುತ್ತದೆ, ಹಾಡುವುದು ಮತ್ತೆ ರಿಷಭ. ಈ ಮೂರು ಸ್ವರ ಗಂಟಲಲ್ಲಿ ಕೂತ ಮೇಲೆ ಬೆರಳಿಗೆ ಹೆಚ್ಚು ಕೆಲಸವಿಲ್ಲ. ಗಂಟಲಿಗೆ ಬಾರದ ಹಾಡು ಬೆರಳಿಗೆ ಬಂದರೂ ನಿಲ್ಲುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಬಲಗೈಗೆ ಗುರು ಜೊವಾವ್ ಜಿಲ್ಬೆರ್ಟೊ. ಸ್ಯಾಕ್ಸೊಫೋನ್ ವಾದಕ ಸ್ಟಾನ್ ಗೆಟ್ಸ್ ಜೊತೆ 1963ರಲ್ಲಿ ನ್ಯೂಯಾರ್ಕ್‌ನಲ್ಲಿ ಮುದ್ರಿಸಿ, ಮರುವರ್ಷ ಹೊರಬಂದ ‘ಗೆಟ್ಸ್/ಜಿಲ್ಬೆರ್ಟೊ’ ಆಲ್ಬಂನಲ್ಲಿ ಮೊದಲು ಹಾಡುವವರು ಅವರೇ, ಪೋರ್ಚುಗೀಸ್‌ನಲ್ಲಿ. ಅಲ್ಲಿ ಶ್ರುತಿ ಡಿ ಫ್ಲಾಟ್; ಮೇಲಿನ ಹಿಡಿತಗಳು ಅದಕ್ಕೆ ಹೊಂದವು. ಜೊತೆಗೆ ನುಡಿಸುವ ಆತುರ ಬೇಡ. ಕಾರ್ಡ್ ಮೀಟುವ ಬೆರಳುಗಳು ಸಾಂಬಾ ಲಯದಲ್ಲಿ ಹಿಂದುಮುಂದಾಗುತ್ತಿದ್ದರೂ ಹೆಬ್ಬೆರಳು ಹೇಗೆ ಸಮವಾಗಿ ನಡೆಯುತ್ತದೆ ಎಂಬುದನ್ನಷ್ಟೇ ಈ ವಾರ ಕೇಳಿ.