ಉಳಿದ ನೀರಿನ ಲೆಕ್ಕ

ಅಕ್ಕನಿಗೆ ಉರಿಮೂತ್ರ ಇರಲಿಲ್ಲ, ಚಳಿಯೂ ಇರಲಿಲ್ಲ. ಒಂದು ಬೆಳಿಗ್ಗೆ ಮಂಚದಿಂದ ಇಳಿಯಲು ಹೋದವಳಿಗೆ ಎಡಗಾಲು ಎತ್ತಲಾಗಲಿಲ್ಲ, ಅಷ್ಟೆ. ಹನ್ನೊಂದು ವರ್ಷದಿಂದ ಮಲ್ಟಿಪಲ್ ಸ್ಕ್ಲಿರೋಸಿಸ್ (ಎಂ.ಎಸ್.) ಇರುವವಳು. ಅದೇ ಮರುಕಳಿಸಿತೆಂದು ಓಡಿದೆವು. ಒಂದು ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆಯನ್ನೇ ಮಾಡಿಸದೆ ಮೂರು ದಿನ ಸ್ಟೆರಾಯ್ಡ್ ಡ್ರಿಪ್ ಹಾಕಿದರು. ನಾಲ್ಕನೆಯ ದಿನ ಮೈ ಕೆಂಡವಾಯಿತು. ಕಾಲು ಸೋತದ್ದು ಮೂತ್ರದ ಸೋಂಕಿನಿಂದ ಎಂದು ಆಗ ಗೊತ್ತಾಯಿತು. ಎಂ.ಎಸ್.ನಿಂದ ಹೊದಿಕೆ ಕಳೆದುಕೊಂಡ ನರದಲ್ಲಿ ಸಂದೇಶ ಕುಂಟುತ್ತಲೇ ಸಾಗುತ್ತಿರುತ್ತದೆ. ಮೈ ತುಸು ಬಿಸಿಯಾದರೂ ಅಲ್ಲೇ ನಿಂತುಬಿಡುತ್ತದೆ. ದಣಿದಾಗ ಇಂಥ ರೋಗಿಗಳ ದೃಷ್ಟಿ ಮಂಜಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಊಟ್‌ಹಾಫ್ 1890ರಲ್ಲೇ ಗುರುತಿಸಿದ್ದರು. ಕಾರಣ ಮೈಬಿಸಿ ಎಂಬುದು ಆಮೇಲೆ ತಿಳಿದದ್ದು.

ಆಮೇಲಿನ ಎರಡು ವರ್ಷ ಮಾತ್ರೆಗಳದ್ದೇ ರಾಜ್ಯ. ರಿಪೋರ್ಟಿನಲ್ಲಿ ಪಸ್ ಸೆಲ್ಸ್ ಕಂಡರೆ ಆ್ಯಂಟಿಬಯಾಟಿಕ್ ಕೋರ್ಸು. ತಿಂಗಳು ಕಳೆದರೆ ಇನ್ನೊಂದು. ಬರಬರುತ್ತ ಕಲ್ಚರ್ ರಿಪೋರ್ಟಿನ ಪಟ್ಟಿಯಲ್ಲಿ ಔಷಧಿಗಳ ಹೆಸರಿನ ಮುಂದೆ 'ಆರ್' ಅಕ್ಷರವೇ ಸಾಲುಗಟ್ಟಿತು. ಈ ಮಾತ್ರೆಗೆ ಕ್ರಿಮಿ ಜಗ್ಗುವುದಿಲ್ಲ ಎಂದರ್ಥ. ನೆಂಟರು ಉಷ್ಣ ಎಂದರು, ಬಾರ್ಲಿ ನೀರು, ಎಳನೀರು ಕುಡಿಸಿದರು. ಮೂತ್ರಕ್ಕೆ ಹೋಗಿ ಬಂದ ಮೇಲೆ ಒಳಗೆ ಎಷ್ಟು ಉಳಿಯುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೊನೆಗೊಬ್ಬ ಯುರಾಲಜಿಸ್ಟ್ ಕೇಳಿದರು. ಆಗಷ್ಟೇ ಶೌಚಾಲಯಕ್ಕೆ ಹೋಗಿ ಬಂದಿದ್ದ ಅಕ್ಕನ ಹೊಟ್ಟೆಯ ಮೇಲೆ ಸ್ಕ್ಯಾನ್ ಇಟ್ಟಾಗ 280 ಮಿಲಿಲೀಟರ್ ತೋರಿಸಿತು. ನೂರು ದಾಟಿದರೇ ಯೋಚಿಸಬೇಕಾದ ಸಂಗತಿ.

ಎಂ.ಎಸ್. ಇದ್ದವರಲ್ಲಿ ಮೂತ್ರಕೋಶ ಹಿಂಡಿಕೊಳ್ಳುವ ಹೊತ್ತಿಗೆ ಸರಿಯಾಗಿ ಬಾಗಿಲ ಸ್ನಾಯುವೂ ಬಿಗಿದುಕೊಳ್ಳುವುದುಂಟು. ತಡೆಯಲಾರದ ಅವಸರ, ಹೋಗಿ ಕೂತರೆ ಪೂರ್ತಿ ಇಳಿಯದು. ಉಳಿದದ್ದು ನಿಂತ ನೀರು. ಅದರಲ್ಲಿ ಕ್ರಿಮಿ ಬೆಳೆಯಲು ಇನ್ನೇನು ಬೇಕು?

ಅದಕ್ಕೆ ಸಿಕ್ಕ ದಾರಿ, ದಿನಕ್ಕೆ ನಾಲ್ಕೈದು ಸಲ ತಾನೇ ತೆಳುವಾದ ನಳಿಕೆ ಹಾಕಿ ಮೂತ್ರಕೋಶವನ್ನು ಖಾಲಿ ಮಾಡಿ, ನಳಿಕೆ ತೆಗೆದುಬಿಡುವುದು. ಇದಕ್ಕೆ ದೊಡ್ಡ ಇತಿಹಾಸವಿದೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಲುಡ್ವಿಗ್ ಗುಟ್ಮನ್ ಆಗಾಗ ನಳಿಕೆ ಹಾಕಿ ತೆಗೆಯುವ ಕ್ರಮ ತಂದಿದ್ದರು, ಆದರೆ ಎಲ್ಲವೂ ಸ್ಟೆರೈಲ್ ಆಗಿರಬೇಕಿತ್ತು. 1972ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಜ್ಯಾಕ್ ಲಾಪಿಡಿಸ್ ಆ ಕಟ್ಟನ್ನು ಬಿಚ್ಚಿದರು. 'ಕ್ಲೀನ್' ಆಗಿದ್ದರೆ ಸಾಕು, ಸೋಪಿನಿಂದ ಕೈ ತೊಳೆದು ರೋಗಿಯೇ ಮಾಡಿಕೊಳ್ಳಲಿ ಎಂದರು. ತುಂಬಿ ಬಿಗಿದ ಮೂತ್ರಕೋಶದ ಗೋಡೆಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಅದಕ್ಕೇ ಸೋಂಕನ್ನು ತಡೆದುಕೊಳ್ಳಲಾಗುವುದಿಲ್ಲ. ಹೊತ್ತಿಗೆ ಸರಿಯಾಗಿ ಖಾಲಿ ಮಾಡಿದರೆ ನಾಲ್ಕು ಕ್ರಿಮಿ ಒಳಹೊಕ್ಕರೂ ದೇಹ ನೋಡಿಕೊಳ್ಳುತ್ತದೆ ಎಂಬುದು ಅವರ ವಾದ. ಅವರು ಕಲಿಸಿದ ಮೊದಮೊದಲ ರೋಗಿಗಳಲ್ಲಿ ಎಂ.ಎಸ್. ಇದ್ದ ಹೆಂಗಸೊಬ್ಬರಿದ್ದರು. ಇದನ್ನು ಓದಿದಾಗ ನನಗೆ ಗಂಟಲು ಕಟ್ಟಿತು. ಅಕ್ಕನಂಥವರಿಗೆಂದೇ ಶುರುವಾದ ವಿದ್ಯೆ ಅಕ್ಕನ ತನಕ ಬರಲು ಇಷ್ಟು ತಡವಾಯಿತಲ್ಲ!

ಈ ಪದ್ಧತಿಯ ದೊಡ್ಡತನ ಇರುವುದು ಪ್ರಶ್ನೆಯನ್ನೇ ಬದಲಿಸಿದ್ದರಲ್ಲಿ. ಕ್ರಿಮಿಯನ್ನು ಹೇಗೆ ಕೊಲ್ಲಲಿ ಎಂಬಲ್ಲಿಂದ ನೀರು ಯಾಕೆ ನಿಂತಿತು ಎಂಬಲ್ಲಿಗೆ ಅದು ನಮ್ಮನ್ನು ಕರೆದೊಯ್ಯುತ್ತದೆ. ಹಾಗೆಂದು ಸೋಂಕು ಪೂರಾ ನಿಲ್ಲುತ್ತದೆಂದು ಹೇಳಿದರೆ ಸುಳ್ಳಾಗುತ್ತದೆ. ಅಕ್ಕನಿಗೆ ಈಗಲೂ ವರ್ಷಕ್ಕೆ ಎರಡು ಸಲ ಬರುತ್ತದೆ. ನಳಿಕೆ ಬಳಸುವವರ ಮೂತ್ರದಲ್ಲಿ ಕ್ರಿಮಿ ಸದಾ ಇರುವುದೇ ಹೆಚ್ಚು; ತೊಂದರೆ ಇಲ್ಲದಿದ್ದರೆ ರಿಪೋರ್ಟ್ ನೋಡಿ ಮಾತ್ರೆ ನುಂಗಬಾರದು. ದಿನವೂ ಸಣ್ಣ ಪ್ರಮಾಣದ ಆ್ಯಂಟಿಬಯಾಟಿಕ್ ಕೊಟ್ಟರೆ ಹೇಗೆ ಎಂದು ಬ್ರಿಟನ್ನಿನಲ್ಲಿ ನಳಿಕೆ ಬಳಸುವ 404 ಮಂದಿಯಲ್ಲಿ ನೋಡಿದ್ದಾರೆ. 2018ರಲ್ಲಿ ಬಂದ ಫಲಿತಾಂಶದಲ್ಲಿ ಸೋಂಕು ಶೇಕಡಾ 48ರಷ್ಟು ಇಳಿದಿತ್ತು, ಜೊತೆಗೆ ಮದ್ದಿಗೆ ಬಗ್ಗದ ಕ್ರಿಮಿಗಳೂ ಹೆಚ್ಚಿದ್ದವು. ಸಾಲು ಸಾಲು 'ಆರ್' ಕಂಡಿರುವ ನನಗೆ ಆ ವ್ಯಾಪಾರ ಒಪ್ಪಿಗೆಯಿಲ್ಲ. ಮೆಡಿಕಲ್ ಶಾಪಿನ ಕ್ರ್ಯಾನ್‌ಬೆರಿ ಪುಡಿಯೂ ಅಷ್ಟೆ. ಪದೇ ಪದೇ ಸೋಂಕಾಗುವ ಇತರ ಹೆಂಗಸರಿಗೆ ಅದು ಉಪಯೋಗಕ್ಕೆ ಬಂದೀತು. ಮೂತ್ರಕೋಶ ಖಾಲಿಯಾಗದವರಿಗೆ ಪ್ರಯೋಜನ ಕಂಡಿಲ್ಲ ಎಂದು 2023ರ ಕಾಕ್ರೇನ್ ಪರಿಶೀಲನೆ ಹೇಳುತ್ತದೆ.

ನನ್ನ ನಿಜವಾದ ತಕರಾರು ಕಲಿಸುವ ರೀತಿಯ ಬಗ್ಗೆ. ಪುಟ್ಟ ಕನ್ನಡಿ ಹಿಡಿದು, "ಅವಸರ ಮಾಡ್ಬೇಡಿ ಅಮ್ಮ, ಉಸಿರು ಬಿಡಿ, ತಾನಾಗೇ ಹೋಗುತ್ತೆ" ಎನ್ನುತ್ತ ಒಂದು ಗಂಟೆ ಪಕ್ಕದಲ್ಲಿ ಕೂತ ಸಿಸ್ಟರ್ ಅಕ್ಕನಿಗೆ ಸಿಕ್ಕರು. ಬಹಳ ಜನಕ್ಕೆ ಸಿಗುವುದು ಒಂದು ಚೀಟಿ ಮಾತ್ರ. ಎಂ.ಎಸ್.ನಲ್ಲಿ ಬೆರಳು ಜೋಮು ಹಿಡಿಯುತ್ತದೆ, ಕೈ ನಡುಗುತ್ತದೆ, ಕಣ್ಣು ಮಂಜಾಗುತ್ತದೆ, ತೊಡೆ ಸೆಟೆದು ಅಗಲಿಸಲಾಗುವುದಿಲ್ಲ. ಇವೆಲ್ಲ ಇರುವವರಿಗೆ ಚೀಟಿ ಏನು ಮಾಡೀತು? ಜೊತೆಗೆ ಲಾಪಿಡಿಸ್ ಹೇಳಿದ 'ಕ್ಲೀನ್' ಎಂಬ ಮಾತಿನೊಳಗೆ ನಲ್ಲಿ, ಸೋಪು, ಬೆಳಕು, ಕೂರಲು ಜಾಗ ಎಲ್ಲವೂ ಸೇರಿವೆ. ನಮ್ಮ ಬಸ್ ನಿಲ್ದಾಣದ ಶೌಚಾಲಯದಲ್ಲಿ ಚೀಲ ತೂಗುಹಾಕಲು ಒಂದು ಮೊಳೆಯೂ ಇರುವುದಿಲ್ಲ. ಪ್ರಯಾಣವೆಂದರೆ ಅಕ್ಕ ಹಿಂದಿನ ರಾತ್ರಿಯಿಂದಲೇ ನೀರು ಬಿಡುತ್ತಿದ್ದಳು, ಊರಿಂದ ಬಂದ ಮೂರನೆಯ ದಿನ ಮಲಗುತ್ತಿದ್ದಳು.

ಈಗ ಒಂದು ನೋಟ್‌ಬುಕ್ ಇದೆ. ಹೊತ್ತು, ಕುಡಿದದ್ದು, ತೆಗೆದದ್ದು, ಮೂರು ಕಾಲಂ. ತೆಗೆದದ್ದು ನಾನೂರು ಮಿಲಿಲೀಟರ್ ದಾಟಿದರೆ ಮುಂದಿನ ಸಲ ಬೇಗ ಹೋಗಬೇಕು. ಮೊನ್ನೆ ಹಾಸನದ ಮದುವೆಗೆ ಹೊರಟಾಗ ಅಕ್ಕ ಬೆಳಿಗ್ಗೆ ಎಂದಿನಂತೆ ನೀರು ಕುಡಿದಳು. ಚನ್ನರಾಯಪಟ್ಟಣದ ಹತ್ತಿರ ಒಂದು ಹೋಟೆಲಿನಲ್ಲಿ ಇಳಿದೆವು. ಕಮೋಡಿತ್ತು, ನಲ್ಲಿಯಲ್ಲಿ ನೀರಿತ್ತು, ಬಲ್ಬು ಇರಲಿಲ್ಲ. ಬಾಗಿಲು ಅರ್ಧ ತೆರೆದು, ಬೆನ್ನು ಕೊಟ್ಟು ನಿಂತು, ಮೊಬೈಲ್ ಟಾರ್ಚನ್ನು ಒಳಕ್ಕೆ ಹಿಡಿದೆ. ಸ್ವಲ್ಪ ಹೊತ್ತಿಗೆ ಒಳಗಿಂದ ಅಕ್ಕನ ದನಿ ಕೇಳಿತು: "ಮುನ್ನೂರ ಇಪ್ಪತ್ತು. ಬರ್ಕೊಳ್ಳೇ."