ಕಾಲಿಂಚಿನ ಕಟ್ಟಳೆ

ನಮ್ಮ ಕಡೆ ರವಿಕೆ ಹೊಲಿಯುವವರು ಪಕ್ಕದಲ್ಲಿ ಒಂದಿಂಚಾದರೂ ಬಟ್ಟೆ ಒಳಗೆ ಬಿಡುತ್ತಾರೆ. ಮುಂದೆ ಮೈ ತುಂಬಿಕೊಂಡರೆ ಒಂದು ಹೊಲಿಗೆ ಬಿಚ್ಚಿಕೊಂಡರಾಯಿತು. ಈ ಧಾರಾಳಕ್ಕೆ ಒಗ್ಗಿದ ನನಗೆ ಅಮೆರಿಕದ ಪ್ಯಾಚ್‌ವರ್ಕ್ ಪುಸ್ತಕಗಳ ಮೊದಲ ಪಾಠವೇ ಗಂಟಲಲ್ಲಿ ಸಿಕ್ಕಿಕೊಂಡಿತು. ತುಂಡಿಗೆ ತುಂಡು ಜೋಡಿಸುವಾಗ ಹೊಲಿಗೆಯಾಚೆ ಬಿಡಬೇಕಾದ ಅಂಚು ಕಾಲು ಇಂಚು, ಅಂದರೆ 6.35 ಮಿಲಿಮೀಟರ್. ಅದೂ ಪೂರ್ತಿ ಕಾಲಿಂಚಲ್ಲ, ಒಂದೆರಡು ಎಳೆ ಕಡಿಮೆಯೇ ಇರಲಿ ಎಂದು ಇನ್ನೊಂದು ಪುಟ ಹೇಳುತ್ತದೆ.

ಇದು ಅತಿ ಮಡಿವಂತಿಕೆ ಎಂದುಕೊಂಡೇ ‘ನೈನ್ ಪ್ಯಾಚ್’ ಹೊಲಿಯಲು ಕೂತೆ. ಮೂರು ಸಾಲು, ಸಾಲಿಗೆ ಮೂರು ಚೌಕ. ಪ್ಯಾಚ್‌ವರ್ಕಿನ ಅ ಆ ಇ ಈ. ಪ್ರತಿ ಚೌಕವನ್ನೂ 3½ ಇಂಚಿಗೆ ಕತ್ತರಿಸಿದ್ದೆ. ಹೊಲಿದ ಮೇಲೆ ಇಡೀ ಬ್ಲಾಕು 9½ ಇಂಚು ಬರಬೇಕಿತ್ತು. ಬಂದದ್ದು 9¼. ಮೆಷಿನ್ನಿನ ಫುಟ್ಟನ್ನೇ ಅಳತೆಗೋಲು ಎಂದು ನಂಬಿದ್ದೆ. ಸೂಜಿಯಿಂದ ಅದರ ಅಂಚಿಗೆ ಕಾಲಿಂಚಿಗಿಂತ ಒಂದೂವರೆ ಮಿಲಿಮೀಟರಿನಷ್ಟು ಹೆಚ್ಚು ಇತ್ತು. ಇಂಚಿನ ಹದಿನಾರನೇ ಒಂದು ಭಾಗ, ಅಷ್ಟೇ. ಆದರೆ ಒಂದೊಂದು ಹೊಲಿಗೆಯಲ್ಲೂ ಎರಡು ಬದಿಯ ಬಟ್ಟೆ ತಿನ್ನುತ್ತದೆ, ಸಾಲಿಗೆ ಎರಡು ಹೊಲಿಗೆ. ಅಲ್ಲಿಗೆ ಕಾಲಿಂಚು ಮಾಯ. ಒಂದು ಸಾಲಿಗೆ ಎಂಟು ತುಂಡಿನ ವಿನ್ಯಾಸವಾಗಿದ್ದರೆ ಏಳು ಹೊಲಿಗೆ, ಮುಕ್ಕಾಲಿಂಚಿಗೂ ಮೀರಿದ ನಷ್ಟ.

ಆ ‘ಒಂದೆರಡು ಎಳೆ’ಯ ಗುಟ್ಟು ಇಸ್ತ್ರಿ ಮಾಡುವಾಗ ತಿಳಿಯಿತು. ಅಮೆರಿಕದ ರೂಢಿಯಂತೆ ಎರಡೂ ಅಂಚನ್ನು ಒಂದೇ ಕಡೆಗೆ, ಸಾಮಾನ್ಯವಾಗಿ ಗಾಢ ಬಣ್ಣದ ಬಟ್ಟೆಯ ಕಡೆಗೆ, ಒತ್ತುತ್ತಾರೆ. ಬಟ್ಟೆ ಹೊಲಿಗೆಯ ಮೇಲೆ ಮಗುಚಿ ಬೀಳುವಾಗ ಆ ಮಡಿಕೆಯೂ ದಾರದ ದಪ್ಪವೂ ಒಂದಿಷ್ಟು ಅಳತೆ ನುಂಗುತ್ತವೆ. ಹಾಗೆ ನುಂಗಿದ್ದನ್ನು ಮೊದಲೇ ಬಿಟ್ಟುಕೊಡುವ ಉಪಾಯವಿದು. ಇಲ್ಲಿಯವರೆಗೆ ಪುಸ್ತಕಗಳ ಮಾತು ನಿಜ.

ನನ್ನ ತಕರಾರು ಬೇರೆ. ಈ ಕಾಲಿಂಚನ್ನು ಅವು ಕ್ವಿಲ್ಟಿನ ಸನಾತನ ಧರ್ಮದಂತೆ ಬೋಧಿಸುತ್ತವೆ. ಕೈಯಲ್ಲಿ ಹೊಲಿಯುತ್ತಿದ್ದ ಹೆಂಗಸರು ರಟ್ಟಿನ ಅಚ್ಚು ಇಟ್ಟು ಬಟ್ಟೆಯ ಹಿಂಬದಿಗೆ ಪೆನ್ಸಿಲ್ ಗೆರೆ ಎಳೆದು, ಆ ಗೆರೆಯ ಮೇಲೇ ಸೂಜಿ ಓಡಿಸುತ್ತಿದ್ದರು. ಗೆರೆ ಸರಿಯಿದ್ದರೆ ಆಯಿತು, ಆಚೆ ಉಳಿದ ಬಟ್ಟೆ ಅಂಕುಡೊಂಕಾದರೂ ಕೇಳುವವರಿಲ್ಲ. 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ಚಕ್ರದಂಥ ಅಲಗಿನ ರೋಟರಿ ಕಟರ್ ತಂದಿತು. ನಾಲ್ಕಾರು ಪದರ ಬಟ್ಟೆ ಒಂದೇ ಏಟಿಗೆ ಕತ್ತರಿಸಬಹುದಾಯಿತು. ಗೆರೆ ಎಳೆಯುವ ಕೆಲಸ ತಪ್ಪಿತು. ಗೆರೆ ಹೋದ ಮೇಲೆ ಮೆಷಿನ್ನಿಗೆ ದಿಕ್ಕು ತೋರಿಸಲು ಉಳಿದದ್ದು ಬಟ್ಟೆಯ ಅಂಚು ಒಂದೇ. ಗೆರೆ ಹೊರುತ್ತಿದ್ದ ಭಾರವೆಲ್ಲ ಕಾಲಿಂಚಿನ ಹೆಗಲಿಗೆ ಬಿತ್ತು. ವೇಗಕ್ಕೆ ತೆತ್ತ ಬೆಲೆ ಇದು. ಇಷ್ಟನ್ನು ಹೇಳಿಬಿಟ್ಟರೆ ಕಲಿಯುವವರಿಗೆ ಕಟ್ಟಳೆಯ ಜೊತೆಗೆ ಕಾರಣವೂ ಸಿಗುತ್ತದೆ.

ನಮ್ಮ ಕೌದಿಯಲ್ಲಿ ಈ ತಲೆನೋವೇ ಇಲ್ಲ. ಹಳೇ ಸೀರೆ ಹಾಸಿ, ಮೇಲೆ ತುಂಡು ಇಟ್ಟು, ಅಂಚು ಒಳಗೆ ಮಡಚಿ, ದಾರ ಓಡಿಸುತ್ತ ಹೋಗುವುದು. ಉತ್ತರ ಕನ್ನಡದ ಸಿದ್ದಿ ಹೆಂಗಸರು ತಮ್ಮ ಕವಂದಿಯನ್ನು ಮೂಲೆಯಿಂದ ಶುರುಮಾಡಿ ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ಹಿಂದಿನ ತುಂಡು ಎಲ್ಲಿ ಮುಗಿಯಿತೆಂದು ನೋಡಿಯೇ ಮುಂದಿನದನ್ನು ಇಡುವುದರಿಂದ ತಪ್ಪು ತಪ್ಪಿಗೆ ಕೂಡಿ ಬೆಳೆಯುವುದಿಲ್ಲ. ಧಾರವಾಡದ ಕಡೆಯ ಅಜ್ಜಿಯೊಬ್ಬರಿಗೆ ನನ್ನ ಸ್ಕೇಲು ತೋರಿಸಿದಾಗ, “ಅಳತಿ ಯಾತಕ್ಕ? ಸಾಲಲಿಲ್ಲಂದ್ರ ಇನ್ನೊಂದು ತುಂಡು ಹಚ್ಚಿದ್ರಾತು” ಎಂದರು.

ಹಾಗೆಂದು ಕೌದಿ ಹಿಡಿದು ಕಾಲಿಂಚನ್ನು ಅಣಕಿಸಲಾರೆ. ‘ಲೋನ್ ಸ್ಟಾರ್’ ವಿನ್ಯಾಸದಲ್ಲಿ ಎಂಟು ವಜ್ರಾಕೃತಿಗಳ ತುದಿ ನಡುವಿನ ಒಂದೇ ಬಿಂದುವಿಗೆ ಬರಬೇಕು. ಅಲ್ಲಿ ಅಂಚು ಹೆಚ್ಚುಕಡಿಮೆಯಾದರೆ ತುದಿಗಳು ಮುರಿಯುತ್ತವೆ, ನಡುವೆ ಹಪ್ಪಳದಂತೆ ಉಬ್ಬಿ ನಿಲ್ಲುತ್ತದೆ. ಯಾವ ಇಸ್ತ್ರಿಯೂ ಅದನ್ನು ಕೂರಿಸದು.

“ಒಂದೇ ಸಮ ಇದ್ದರೆ ಸಾಕು, ಕಾಲಿಂಚೇ ಆಗಬೇಕಿಲ್ಲ” ಎನ್ನುವವರೂ ಇದ್ದಾರೆ. ಅರ್ಧ ಸತ್ಯ. ಎಲ್ಲವೂ ನೈನ್ ಪ್ಯಾಚೇ ಆಗಿದ್ದರೆ ಹೊದಿಕೆ ಸ್ವಲ್ಪ ಚಿಕ್ಕದಾಗುತ್ತದೆ, ಅಷ್ಟೇ. ಪಕ್ಕದಲ್ಲಿ ಹೊಲಿಗೆಯೇ ಇಲ್ಲದ 9½ ಇಂಚಿನ ಬರೀ ಚೌಕ ಬಂದು ಕೂತಾಗ ಬಣ್ಣ ಬಯಲಾಗುತ್ತದೆ.

ಕಾಲಿಂಚಿನ ಫುಟ್ಟು ಕೊಂಡರೆ ಎಲ್ಲ ಸರಿಹೋಗುತ್ತದೆ ಎಂಬ ಅಂಗಡಿಯವರ ಮಾತನ್ನೂ ನಾನು ನಂಬುವುದಿಲ್ಲ. ದಾರ, ಬಟ್ಟೆ, ಒತ್ತುವ ಕೈ ಬದಲಾದರೆ ಅಳತೆಯೂ ಬದಲಾಗುತ್ತದೆ. 1½ ಇಂಚು ಅಗಲದ ಮೂರು ಪಟ್ಟಿ ಜೋಡಿಸಿ, ಇಸ್ತ್ರಿ ಹಾಕಿ, ನಡುವಿನದನ್ನು ಅಳೆಯಿರಿ. ಸರಿಯಾಗಿ 1 ಇಂಚು ಬಂದರೆ ಮುಂದುವರಿಯಿರಿ. ಕಡಿಮೆ ಬಂದರೆ ಮೆಷಿನ್ನಿನ ಹಾಸಿನ ಮೇಲೆ ಗುರುತಿಗೆ ಅಂಟಿಸಿದ ಟೇಪನ್ನು ಕೂದಲೆಳೆಯಷ್ಟು ಸೂಜಿಯತ್ತ ಸರಿಸಿ, ಮತ್ತೆ ಮೂರು ಪಟ್ಟಿ ಹೊಲಿಯಿರಿ. ನಾನು ನಾಲ್ಕು ಸಲ ಸರಿಸಿದೆ.